ಸದ್ದಿಲ್ಲದ ಟೈರು

"ಟೈರು ಅಂದ್ಮೇಲೆ ಸ್ವಲ್ಪ ಸದ್ದು ಮಾಡೇ ಮಾಡತ್ತೆ ಮೇಡಂ. ಸದ್ದೇ ಬೇಡ ಅಂದ್ರೆ ಗಾಡೀನ ಮನೆ ಮುಂದೆ ನಿಲ್ಲಿಸ್ಕೊಂಡು ಒಳಗೆ ಕೂತ್ಕೋಬೇಕು, ಅಷ್ಟೇ," ಎಂದು ಟೈರಂಗಡಿಯವನು ತನ್ನ ಮಾತಿಗೆ ತಾನೇ ನಕ್ಕ.

ಅವಳು ನಗಲಿಲ್ಲ. ಗೋಡೆಗೆ ಒರಗಿಸಿಟ್ಟ ಹೊಸ ಟೈರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದರ ಮೈಮೇಲೂ ಅಂಗೈ ಆಡಿಸುತ್ತಿದ್ದಳು. ಹೆದ್ದಾರಿಯುದ್ದಕ್ಕೂ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆಯಲ್ಲ, ಅವು ಸುಳ್ಳು ತೂಕ ತೋರಿಸುತ್ತಿವೆಯೇ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಲಾರಿಯವರ ಬಾಯಲ್ಲಿ ಅವಳು ತಕ್ಕಡಿ ಮೇಡಂ. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹಾಗೆ ನೋಡಿದರೆ ದಿನವಿಡೀ ಯಾರಾದರೂ ಅವಳನ್ನು ಕರೆಯುವುದಿದ್ದರೆ ಅದೊಂದೇ ಹೆಸರಿನಿಂದ.

"ಗಾಡಿ ಜಾಸ್ತಿ ಎಲ್ಲಿ ಓಡತ್ತೆ?"

"ಹೈವೇಲಿ. ಮಳೆ, ಬಿಸಿಲು, ಚಳಿ ಅಂತ ನೋಡೋ ಹಾಗಿಲ್ಲ."

ಅಂಗಡಿಯವನು ಎದ್ದು ಹೊರಗೆ ನಿಂತಿದ್ದ ಎಸ್‌ಯುವಿಯ ಹಳೆಯ ಟೈರನ್ನು ಕಾಲಿನಿಂದ ತಟ್ಟಿದ. ದಪ್ಪ ದಪ್ಪ ಕಟ್ಟೆಗಳ, ನಡುನಡುವೆ ಅಗಲ ಸಂದಿಗಳ ಟೈರು. "ಇದು ಕೆಸರು, ಕಲ್ಲು ಹತ್ತೋರು ಹಾಕ್ಸೋದು ಮೇಡಂ. ಇದನ್ನ ಡಾಂಬರಿನ ಮೇಲೆ ಓಡಿಸಿದ್ರೆ ಕೂಗದೆ ಇನ್ನೇನು ಮಾಡತ್ತೆ, ಪಾಪ? ಯಾರು ಹಾಕ್ಸಿದ್ದು?"

"ಮನೆಯವರು."

ಬಹಳ ದಿನದ ಮೇಲೆ ಆ ಮಾತನ್ನು ಆಡಿದ್ದಳು. ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಯಿತು.

ಟೈರು ಅವನದೇ ಆಯ್ಕೆ. ರಜ ಬಂದರೆ ಬೆಟ್ಟ ಹತ್ತೋಣ, ಕಾಡಿನ ದಾರಿ ಹಿಡಿಯೋಣ ಎಂದು ಹುರುಪಿನಿಂದ ಹಾಕಿಸಿದ್ದ. ಗಾಡಿ ಒಂದು ದಿನವೂ ಡಾಂಬರು ಬಿಟ್ಟು ಕೆಳಗಿಳಿಯಲಿಲ್ಲ. ಇಳಿದು ಹೋದವನು ಅವನೇ. ಇನ್ನೊಂದು ಊರಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಗಾಡಿ ನೀನೇ ಇಟ್ಕೋ. ನಿಂಗೇ ಓಡಾಟ ಜಾಸ್ತಿ," ಎಂದ, ಏನೋ ದೊಡ್ಡ ಮನಸ್ಸು ಮಾಡಿದವನ ಹಾಗೆ. ಅವಳು ತಲೆಯಾಡಿಸಿದ್ದಳು. ಆಮೇಲೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಈ ಸಂಗತಿ ಅಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಪ್ಪ ಒಂದು ತಿಂಗಳು ಅಣ್ಣನ ಮನೆಯಲ್ಲಿ, ಒಂದು ತಿಂಗಳು ಇವಳ ಮನೆಯಲ್ಲಿ ಇರುತ್ತಿದ್ದರು. "ಅಪ್ಪನ ಕಿವಿಗೆ ಬೀಳಬಾರದು ನೋಡು. ಅಮ್ಮ ಹೋದ್ಮೇಲೆ ಮೊದಲೇ ಕುಗ್ಗಿದ್ದಾರೆ. ಮನೆಯವರು ಕೆಲಸದ ಮೇಲೆ ದೂರ ಹೋಗಿದ್ದಾರೆ ಅಂತ ಹೇಳು, ಸಾಕು," ಎಂದು ಅಣ್ಣ ಅಪ್ಪಣೆ ಮಾಡಿದ್ದ. ಅವಳು ಹಾಗೇ ಹೇಳಿದಳು. ಹೇಳುತ್ತ ಹೇಳುತ್ತ ಸುಳ್ಳು ಎಷ್ಟು ಸರಾಗವಾಯಿತೆಂದರೆ, ಅಳಿಯ ಉಳಿದುಕೊಂಡ ಕೋಣೆಗೆ ಕಿಟಕಿ ಚಿಕ್ಕದು ಎಂದೂ ಸೇರಿಸಿದ್ದಳು. ಅಪ್ಪ ಈಚೆಗೆ ಅಳಿಯನ ಸುದ್ದಿ ಕೇಳುವುದನ್ನೇ ಬಿಟ್ಟಿದ್ದರು. ವಯಸ್ಸಾಯಿತು, ಮರೆವು ಎಂದುಕೊಂಡಳು.

ಅಪ್ಪನ ಕಿವಿ ಹೋಗಿದ್ದು ಬಟ್ಟೆ ಗಿರಣಿಯ ಮಗ್ಗಗಳ ನಡುವೆ. ಮದುವೆಯವರೆಗೆ ಅಮ್ಮನೂ ಅಲ್ಲೇ ನೂಲು ಸುತ್ತುತ್ತಿದ್ದವಳು. ಆ ಗದ್ದಲದಲ್ಲಿ ಎಷ್ಟು ಕಿರುಚಿದರೂ ಕೇಳದು, ಹಾಗಾಗಿ ಅಲ್ಲಿಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರಂತೆ. ಮನೆಗೆ ಬಂದ ಮೇಲೂ ಇಬ್ಬರಿಗೂ ಆ ಚಾಳಿ ಹೋಗಲಿಲ್ಲ. ನೆಂಟರು ತುಂಬಿದ ಮನೆಯಲ್ಲಿ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿಯಿಲ್ಲದೆ ತುಟಿ ಅಲುಗಿಸಿದರೆ, ಅಪ್ಪ ಆ ಮೂಲೆಯಿಂದ 'ಹ್ಞೂಂ' ಅನ್ನುತ್ತಿದ್ದರು. ಎಲ್ಲರ ಅಪ್ಪ ಅಮ್ಮನೂ ಹೀಗೇ ಎಂದು ಅವಳು ಬಹಳ ಕಾಲ ನಂಬಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಮಾತೂ ಮನೆ ಬಿಟ್ಟಿತು. ಅಪ್ಪನ ಎರಡೂ ಕಿವಿಗೆ ಮೆಷಿನ್ ಬಂತು.

ಅಪ್ಪನನ್ನು ಅಣ್ಣನ ಮನೆಗೆ ಬಿಡಲು, ಕರೆತರಲು ಹೊರಟ ಗಾಡಿ ಹೆದ್ದಾರಿಗೆ ಏರಿದ್ದೇ ಆ ಮೆಷಿನ್ನಿನೊಳಗೆ ಟೈರಿನ ಮೊರೆತ ನುಗ್ಗುತ್ತಿತ್ತು. "ಅಯ್ಯಪ್ಪಾ, ತಲೆ ಒಳಗೆ ಮಗ್ಗ ಹಾಕ್ದಂಗಾಗತ್ತೆ," ಎಂದು ಅಪ್ಪ ಎರಡನ್ನೂ ಕಿತ್ತು ಬಟ್ಟೆಯ ಚೀಲಕ್ಕೆ ಹಾಕಿ, ಮುಂದಿನ ಗಾಜಿನ ಮೇಲಿನ ಬಿಸಿಲುಮರೆಯನ್ನು ಎಳೆದುಕೊಂಡು ಕೂತುಬಿಡುತ್ತಿದ್ದರು. ಬೆಳಿಗ್ಗೆಯಾದರೂ ಅಷ್ಟೇ, ಮೋಡವಿದ್ದರೂ ಅಷ್ಟೇ. ಮುದುಕರ ಹಟ, ಯಾಕೆ ಕೇಳುವುದು ಎಂದು ಅವಳು ಸುಮ್ಮನಿದ್ದಳು.

ಒಂದು ಸಲ ಅಡ್ಡ ಬಂದ ಲಾರಿಯವನಿಗೆ ಬಾಯಿಗೆ ಬಂದಂತೆ ಬೈದಳು. ಪಕ್ಕದಲ್ಲೇ ಕೂತ ಅಪ್ಪ ತಿರುಗಿಯೂ ನೋಡಲಿಲ್ಲ. ಆವತ್ತಿನಿಂದ ಶುರುವಾಯಿತು. ಇವರಿಗೆ ಹೇಗೂ ಕೇಳಿಸದು ಎಂಬ ಧೈರ್ಯದಲ್ಲಿ ಅವಳು ಎಲ್ಲ ಹೇಳಿದಳು. ಅವನು ಹೋದದ್ದು, ಅವನ ಬಟ್ಟೆಯ ಬೀರು ಇನ್ನೂ ಖಾಲಿ ಇರುವುದು, ಭಾನುವಾರ ಸಂಜೆ ಯಾರಾದರೂ ಬಾಗಿಲು ತಟ್ಟಿದರೆ ಸಾಕು, ವಿಳಾಸ ತಪ್ಪಿ ಬಂದವರಾದರೂ ಸರಿ ಅನ್ನಿಸುವುದು. ಹೇಳಿಕೊಂಡು ಅಳುತ್ತಿದ್ದಳು, ಟೋಲ್ ಬರುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಅಪ್ಪ ಇರುವ ತಿಂಗಳಲ್ಲೂ ಮಾತು ಊಟ, ಮಾತ್ರೆ, ಟೀವಿಯ ಆಚೆ ದಾಟುತ್ತಿರಲಿಲ್ಲ. ಈ ದಾರಿಯೊಂದೇ ಅವಳ ಪಾಲಿಗಿದ್ದದ್ದು.

ಆದರೆ ಕಿವುಡಾದವರ ಮುಂದೆ ಹೇಳುವುದು ಹೇಳಿದ ಹಾಗಾಗುತ್ತದೆಯೇ? ತಪ್ಪು ಮಾಡಿದವನು ಅವನು, ಕಳ್ಳಿಯ ಹಾಗೆ ಬಚ್ಚಿಡುತ್ತಿರುವವಳು ತಾನು. ಅಪ್ಪನ ಕಿವಿಗೆ ಬೀಳುವ ಹಾಗೇ ಒಂದು ಸಲ ಹೇಳಬೇಕು. ಮನೆಯಲ್ಲಿ ಎದುರಾಬದುರು ಕೂತು ಹೇಳುವಷ್ಟು ಗಟ್ಟಿಗಿತ್ತಿಯಲ್ಲ ಅವಳು. ಗಾಡಿಯಲ್ಲಾದರೆ ಕಣ್ಣು ರಸ್ತೆಯ ಮೇಲಿರುತ್ತದೆ. ಅದಕ್ಕೇ ಈ ಟೈರು.

"ಇದು ಗಟ್ಟಿ ರಬ್ಬರು, ಬಾಳಿಕೆ ಜಾಸ್ತಿ. ಆದ್ರೆ ಗುಂಯ್ ಅನ್ನೋದು ಬಿಡಲ್ಲ," ಎಂದ ಅಂಗಡಿಯವನು. "ಇದು ಮೆತ್ತಗೆ. ಕಟ್ಟೆ ಸಣ್ಣದು, ಒಂದೊಂದೂ ಒಂದೊಂದು ಅಳತೆ, ಅದಕ್ಕೇ ಸದ್ದು ಒಟ್ಟುಗೂಡಲ್ಲ. ಮಳೇಲೂ ಹಿಡಿತ ಇದೆ. ಆದ್ರೆ ಬೇಗ ಸವೆಯತ್ತೆ ಮೇಡಂ, ಆಮೇಲೆ ನನ್ನ ಬೈಬಾರದು."

"ಇದೇ ಹಾಕಿ."

"ನೋಡಿ, ಒಬ್ರೇ ಓಡ್ಸೋರಿಗೆ ಸ್ವಲ್ಪ ಸದ್ದಿದ್ರೇನೆ ಜೊತೆ."

"ಒಬ್ಬಳೇ ಅಲ್ಲ," ಎಂದಳು, ಬೇಕಾದದ್ದಕ್ಕಿಂತ ಜೋರಾಗಿ.

ಅಪ್ಪನನ್ನು ಅಣ್ಣನ ಮನೆಗೆ ಬಿಡುವ ದಿನ ಆಕಾಶ ಮುಸುಕಿತ್ತು. ಹೆದ್ದಾರಿಗೆ ಏರುತ್ತಿದ್ದ ಹಾಗೆ ಅಪ್ಪನ ಕೈ ಅಭ್ಯಾಸದಂತೆ ಕಿವಿಗೆ ಹೋಯಿತು, ಅಲ್ಲೇ ನಿಂತಿತು.

"ಏನಿದು ಪುಟ್ಟೀ, ಗಾಡಿ ನಿಂತಂಗಿದೆ?"

"ಹೊಸ ಟೈರು ಅಪ್ಪಾ. ಇನ್ಮೇಲೆ ಮೆಷಿನ್ ತೆಗೆಯೋದು ಬೇಡ. ಆರಾಮಾಗಿ ಮಾತಾಡ್ಕೊಂಡು ಹೋಗಬಹುದು."

"ಹ್ಞಾಂ, ಹ್ಞಾಂ. ಬಹಳ ಒಳ್ಳೇದಾಯ್ತು," ಎಂದರು ಅಪ್ಪ. ಕೈ ಮಡಿಲಿಗೆ ಬಂತು.

ಆರಾಮಾಗಿ ಮಾತಾಡುವುದು ಎಂದರೇನೆಂದು ಇಬ್ಬರಿಗೂ ತಿಳಿದ ಹಾಗೆ ಕಾಣಲಿಲ್ಲ. ಇಷ್ಟು ದಿನ ಟೈರಿನ ಅಬ್ಬರದಲ್ಲಿ ಮುಚ್ಚಿಹೋಗಿದ್ದ ಸದ್ದುಗಳೆಲ್ಲ ಒಂದೊಂದಾಗಿ ಹೊರಬಂದವು. ಬಾಟಲಿಯಲ್ಲಿ ನೀರು ತುಳುಕುವುದು, ಅಪ್ಪನ ಉಸಿರು, ಅಂಗಿಯ ಜೇಬಿನಲ್ಲಿ ಮಾತ್ರೆಯ ಹಾಳೆ ಸರಪರ ಅನ್ನುವುದು. ಅವಳ ಎದೆ ಬಡಿತವೂ ಅವರಿಗೆ ಕೇಳಿಸುತ್ತಿದೆಯೇನೋ ಎಂದು ಭಯವಾಯಿತು.

"ಅಪ್ಪಾ."

"ಹ್ಞೂಂ?"

"ಏನಿಲ್ಲ. ನೀರು ಬೇಕಾ?"

ಬೇಕಿರಲಿಲ್ಲ, ಆದರೂ ಅಪ್ಪ ಕುಡಿದರು. ಹೊಲ ಹೋಯಿತು, ಗೋದಾಮುಗಳು ಹೋದವು. ಅವಳೇ ಪರೀಕ್ಷೆ ಮಾಡುವ ಒಂದು ವೇಬ್ರಿಡ್ಜೂ ಹಿಂದೆ ಸರಿಯಿತು. "ಅಗೋ, ಅದು ನಂದೇ," ಎಂದಳು. "ಓಹೋ," ಎಂದರು ಅಪ್ಪ. ಅಣ್ಣನ ಮಕ್ಕಳ ಪರೀಕ್ಷೆ, ಅತ್ತಿಗೆಯ ಮಂಡಿನೋವು ಎಲ್ಲ ಮುಗಿದವು. ಕೇಳದ ಅಪ್ಪನ ಮುಂದೆ ಹೊಳೆಯಂತೆ ಹರಿದ ಮಾತು, ಕೇಳುವ ಅಪ್ಪನ ಮುಂದೆ ಹೊರಡಲೇ ಇಲ್ಲ.

"ಅಪ್ಪಾ, ಅದೇನಂದ್ರೆ..."

"ಹೇಳವ್ವಾ."

"ಅವರು... ಅವರು ಫೋನ್ ಮಾಡಿದ್ರು. ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು."

ಹೇಳಿದ ಮೇಲೆ ಸ್ಟೀರಿಂಗಿಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ಇದಕ್ಕಾ ಟೈರು ಬದಲಾಯಿಸಿದ್ದು? ದಾರಿ ಬದಿಯ ಹಸಿರು ಫಲಕದಲ್ಲಿ ಅಣ್ಣನ ಊರು ಕಾಣಿಸಿತು. ಇನ್ನು ಒಂದು ತಿಂಗಳು ಈ ಸೀಟು ಖಾಲಿ.

ಆಗ ಅಪ್ಪ ನಿಧಾನವಾಗಿ ಒಂದು ಕಿವಿಯ ಮೆಷಿನ್ ತೆಗೆದರು. ಆಮೇಲೆ ಇನ್ನೊಂದನ್ನು. ಎರಡನ್ನೂ ಬಟ್ಟೆಯ ಚೀಲಕ್ಕೆ ಹಾಕಿ, ಅದರ ಬಾಯಿ ಬಿಗಿದು, ಜೇಬಿಗಿಟ್ಟುಕೊಂಡರು.

ಅವಳ ಕಣ್ಣು ತುಂಬಿತು. ಹಾಗಾದರೆ ಟೈರಿನ ಸದ್ದು ಬರೀ ನೆಪ. ತನ್ನ ಮಾತೇ ಅವರಿಗೆ ಬೇಡವಾಗಿತ್ತು. ಈ ಲೋಕದಲ್ಲಿ ತಾನು ಮಾತಾಡಿಸಬಹುದಾದ ಒಬ್ಬರೇ ಒಬ್ಬರೂ ಕಿವಿ ಕಳಚಿಟ್ಟು ಕೂತರು.

ಅಪ್ಪ ಕೈಯೆತ್ತಿ ಬಿಸಿಲುಮರೆಯನ್ನು ಕೆಳಗೆಳೆದರು. ಬಿಸಿಲಿನ ಸುಳಿವೂ ಇರಲಿಲ್ಲ. ಅದರ ಒಳಮೈಯಲ್ಲಿ ಅಂಗೈಯಷ್ಟಗಲದ ಕನ್ನಡಿಯಿತ್ತು. ಅದರ ಮುಚ್ಚಳ ಸರಿಸಿ, ಚೂರು ಮೇಲೆ, ಚೂರು ಪಕ್ಕಕ್ಕೆ, ಸೂಜಿಗೆ ದಾರ ಪೋಣಿಸುವ ನಾಜೂಕಿನಲ್ಲಿ ಬಿಸಿಲುಮರೆಯನ್ನು ಓರೆ ಮಾಡಿದರು. ಬೆರಳಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು.

"ಹ್ಞೂಂ," ಎಂದರು, ಕಿವಿ ಕೇಳದವರ ಎತ್ತರದ ದನಿಯಲ್ಲಿ. "ಈಗ ಹೇಳು ಪುಟ್ಟೀ. ಯಾವತ್ತಿನಂಗೆ."

ಅವಳು ಅತ್ತ ನೋಡಿದಳು. ಪುಟ್ಟ ಕನ್ನಡಿಯ ತುಂಬ ಅಪ್ಪನ ಕಣ್ಣುಗಳಿದ್ದವು. ಅವು ಅವಳ ಬಾಯಿಯ ಮೇಲೆ ನೆಟ್ಟಿದ್ದವು.

ಎಷ್ಟೋ ಹೊತ್ತು ಅವಳಿಗೆ ರಸ್ತೆಯಷ್ಟೇ ಕಾಣುತ್ತಿತ್ತು. ಮುಂದಿದ್ದ ಲಾರಿ ದಾರಿ ಬಿಟ್ಟಿತು, ಅವಳು ದಾಟಲಿಲ್ಲ. ಆಮೇಲೆ ಮುಖವನ್ನು ಒಂದಿಷ್ಟು ಕನ್ನಡಿಯ ಕಡೆಗೆ ಹೊರಳಿಸಿ ತುಟಿ ತೆರೆದಳು. ದನಿ ಬರಲಿಲ್ಲ. ಬರೀ ತುಟಿ ಅಲುಗಿತು.

"ಹ್ಞೂಂ," ಎಂದರು ಅಪ್ಪ.