ಹುತಾತ್ಮರಿಗೆ ನೀರು

"ಹೆಣ ತೊಳ್ಯೋ ಮುಂಡೇರ, ನಂಗೇ ಶಾಸ್ತ್ರ ಹೇಳ್ಕೊಡ್ತೀರಾ?" ಎಂದು ಬದ್ರಾನ್ ಘಾಲಿಯಾಳ ಮಣ್ಣಿನ ಹಂಡೆಯನ್ನು ಒದ್ದ. ನೀರು ಬೀದಿಯ ಬೂದಿಯಲ್ಲಿ ಇಂಗಿತು.

ಮಂಗೋಲರು ಬಾಗ್ದಾದನ್ನು ಗೆದ್ದು, ಸುಟ್ಟು ನಲವತ್ತು ದಿನವಾಗಿತ್ತು. ಕತ್ತಿಗೆ ಸಿಗದವರನ್ನು ಜ್ವರ ಹುಡುಕಿಕೊಂಡು ಬಂತು. ಬದ್ರಾನ್ ಮೊದಲು ಖಲೀಫನ ಉಪನ್ಯಾಯಾಧೀಶನಾಗಿದ್ದ; ಈಗ ಮಂಗೋಲರ ಉಪನ್ಯಾಯಾಧೀಶ. ಪೇಟ ಅದೇ. ನಮ್ಮ ಕೇರಿಯಲ್ಲಿ ಹೆಂಗಸರ ಹೆಣ ತೊಳೆಯುವವರಲ್ಲಿ ಉಳಿದದ್ದು ಘಾಲಿಯಾ ಮತ್ತು ನಾನು, ಇಬ್ಬರೇ. ಅಂದು ನಮ್ಮ ಮುಂದೆ ಮಲಗಿದ್ದವಳು ಘಾಲಿಯಾಳ ಮಗಳು ಶುಹ್ದಾ.

ಜ್ವರದಲ್ಲಿ ಸತ್ತವರೆಲ್ಲ ಹುತಾತ್ಮರು, ಹುತಾತ್ಮರಿಗೆ ಸ್ನಾನ ಬೇಕಿಲ್ಲ, ನೀರು ದಂಡ ಎಂದು ಬದ್ರಾನ್ ತೀರ್ಪು ಕೊಟ್ಟ. ಆ ಮಾತು ಯುದ್ಧದಲ್ಲಿ ಸತ್ತವರಿಗೆ ಮಾತ್ರ ಎಂದು ಘಾಲಿಯಾ ಹೇಳಿದ್ದಕ್ಕೇ ಅವನು ಹಂಡೆ ಒದ್ದದ್ದು. ಆಳುಗಳು ಶುಹ್ದಾಳ ಕಂಕುಳಿಗೆ ಕೊಕ್ಕೆ ಹಾಕಿ ಗುಂಡಿಗೆ ಎಳೆದೊಯ್ದರು. ಘಾಲಿಯಾ ಅಳಲಿಲ್ಲ. ಮಕ್ಕಳ ಕಾಲಿಗೆ ಚುಚ್ಚೀತೆಂದು ಹಂಡೆಯ ಚೂರುಗಳನ್ನು ಆಯ್ದಳು.

ನಾಲ್ಕನೇ ದಿನ ಬದ್ರಾನನ ತಾಯಿ ಸತ್ತಳು. ನಮಗೆ ಕರೆ ಬಂತು.

ಅವನ ಅಂಗಳದಲ್ಲಿ ಅಮೃತಶಿಲೆಯ ಹಲಗೆ, ಐದು ಹಂಡೆ ಬಿಸಿನೀರು, ಬಟ್ಟಲು ತುಂಬ ಕರ್ಪೂರ ಇದ್ದವು. ಘಾಲಿಯಾ ಯಾವುದನ್ನೂ ಮುಟ್ಟದೆ ನಿಂತಳು.

"ಅಮ್ಮಾವ್ರಿಗೆ ಏನಾಗಿತ್ತು ಧಣೀ?"

"ಜ್ವರ."

"ಹಂಗಾದ್ರೆ ಅವ್ರೂ ಹುತಾತ್ಮರು. ನೀರ್ಯಾಕೆ ದಂಡ?"

"ಬಾಯ್ಮುಚ್ಕೊಂಡು ತೊಳಿಯೇ, ರಂಡೆ."

ಘಾಲಿಯಾ ಹೋಗಿ ಬೀದಿಬಾಗಿಲು ತೆರೆದಳು. ಹೆಣದ ಗಾಡಿ ಗುಂಡಿಯ ಕಡೆ ಹೊರಟಿತ್ತು. ಅದರಲ್ಲಿ ನಾಲ್ವರು ಹೆಂಗಸರಿದ್ದರು. ಒಳಗೆ ಬಿಸಿನೀರಿದೆ ಎಂದು ಅವಳು ಗಾಡಿಯ ಹಿಂದೆ ಬರುತ್ತಿದ್ದ, ಸತ್ತವರ ಅಕ್ಕತಂಗಿಯರಿಗೆ ಹೇಳಿದಳು. ಎಲ್ಲರೂ ಸೇರಿ ನಾಲ್ವರನ್ನೂ ಹೊತ್ತು ತಂದು ಅಂಗಳದಲ್ಲಿ ಸಾಲಾಗಿ ಮಲಗಿಸಿದೆವು. ಬದ್ರಾನ್ ಆಳುಗಳನ್ನು ಕೂಗಿ ಕರೆದ. ಜ್ವರದ ಹೆಣಗಳ ನಡುವೆ ಕಾಲಿಡಲು ಒಬ್ಬನೂ ಒಪ್ಪಲಿಲ್ಲ.

"ಮೊದ್ಲು ಸತ್ತೋರಿಗೆ ಮೊದ್ಲು," ಎಂದಳು ಘಾಲಿಯಾ. "ಅಮ್ಮಾವ್ರದ್ದು ಐದನೇ ಸರದಿ. ಚೆನ್ನಾಗೇ ತೊಳೀತೀವಿ. ಈಗ ಹೆಂಗಸ್ರ ಬಟ್ಟೆ ಬಿಚ್ತೀವಿ, ಗಂಡಸ್ರು ಇರೋ ಹಂಗಿಲ್ಲ. ಆಚೆ ನಡೀರಿ. ಇದೂ ಶಾಸ್ತ್ರಾನೇ."

ಬದ್ರಾನ್ ನನ್ನ ಮುಖ ನೋಡಿದ. ನಾನು ಬಾಗಿಲು ತೋರಿಸಿದೆ. ಅವನು ತನ್ನ ಮನೆಯಿಂದ ಹೊರಬಿದ್ದು ಬೀದಿಯಲ್ಲಿ ನಿಂತ. ನಾನು ಅಗುಳಿ ಹಾಕಿದೆ.

ಮೊದಲನೆಯವಳು ರೊಟ್ಟಿ ಮಾರುತ್ತಿದ್ದವಳು. ಅವಳನ್ನು ಅಮೃತಶಿಲೆಯ ಮೇಲೆ ಮಲಗಿಸಿದ ಘಾಲಿಯಾ, ನೀರು ಹೊಯ್ಯುವ ಮುನ್ನ ಹಂಡೆಯಲ್ಲಿ ಬೆರಳಿಟ್ಟು ಬಿಸಿ ಹೆಚ್ಚಾಯಿತೇನೋ ಎಂದು ನೋಡಿದಳು.