ಕಂಪನಿಯ ಕುರ್ಚಿ

ಇಂದುಶೇಖರರು ತೀರಿಕೊಂಡು ಅಂದಿಗೆ ವರ್ಷ ತುಂಬಿತ್ತು. ಬೆಳಿಗ್ಗೆ ಅವರ ಹೆಂಡತಿ ಉಷಾ ಜನಕಪುರಿಯ ಮನೆಯಿಂದ ಫೋನ್ ಮಾಡಿ, ಟೆರೇಸಿನ ಮೇಲಿಟ್ಟ ಪಿಂಡವನ್ನು ಕಾಗೆ ಮುಟ್ಟಿಲ್ಲ ಎಂದರು. ಈ ಹೊಗೆಯಲ್ಲಿ ಮನುಷ್ಯರೇ ಹೊರಗೆ ಬರುವುದಿಲ್ಲ, ಇನ್ನು ಕಾಗೆ ಎಲ್ಲಿಂದ ಬರಬೇಕು ಎಂದು ಧಾರಿಣಿ ಸಮಾಧಾನ ಹೇಳಿದಳು.

"ಬಂದಿದೆ ಕಣೇ. ಕೂತು ನೋಡ್ತಿದೆ, ಮುಟ್ತಿಲ್ಲ. ಅವರಿಗೆ ಏನೋ ಬಾಕಿ ಉಳಿದುಬಿಟ್ಟಿದೆ. ಆಫೀಸಿನಲ್ಲಿ ಏನಾದ್ರೂ ಹೇಳಿದ್ರಾ?"

ಧಾರಿಣಿ ಇಲ್ಲವೆಂದಳು. ಸರ್ಕಾರಿ ವಕೀಲೆಯಾದ ಅವಳು ಕೆಲಸ ಕಲಿತದ್ದೇ ಇಂದುಶೇಖರರ ಕೈಕೆಳಗೆ. ವಿದೇಶಿ ಕಂಪನಿಗೂ ಸರ್ಕಾರಕ್ಕೂ ಜಗಳ ಬಂದರೆ ಯಾರು ಎಲ್ಲಿ ದೂರು ಕೊಡಬೇಕು, ಯಾರು ತೀರ್ಪು ಹೇಳಬೇಕು ಎಂಬುದನ್ನು ಒಪ್ಪಂದಗಳಲ್ಲಿ ಬರೆದಿಡುವುದು ಆ ಕಚೇರಿಯ ಕೆಲಸ.

ಅಲ್ಲೊಂದು ಪದ್ಧತಿಯಿತ್ತು. ಒಪ್ಪಂದಕ್ಕೆ ಹೊಸ ಕಲಮು ಬರೆದಾಗಲೆಲ್ಲ ಒಬ್ಬರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕಂಪನಿಯಾಗಬೇಕು, ಕಲಮಿನಲ್ಲಿ ತೂತು ಹುಡುಕಬೇಕು. ಅಲ್ಲಿ ಕೂತವರನ್ನು ಯಾರೂ ಹೆಸರು ಹಿಡಿದು ಕರೆಯುವಂತಿಲ್ಲ. ಕೊನೆಗೆ ಕಲಮು ಬರೆದವರೇ ಚಹಾ ತಂದಿಟ್ಟು "ಕಂಪನಿ ಹೋಯ್ತು, ಸರ್ ಬನ್ನಿ" ಎನ್ನಬೇಕು. ಆಮೇಲೆ ಎಲ್ಲರೂ ನಗುತ್ತ ಸಮೋಸಕ್ಕೆ ಕೈ ಹಾಕುತ್ತಿದ್ದರು.

ಇಂದುಶೇಖರರಷ್ಟು ಮೆತ್ತಗಿನ ಮನುಷ್ಯ ಆ ಕಟ್ಟಡದಲ್ಲೇ ಇರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತರೋ, ದನಿ ತಣ್ಣಗಾಗಿಬಿಡುತ್ತಿತ್ತು. ಕೊನೆಯ ದಿನ ಅವರು ಒಂದೇ ಪಟ್ಟು ಹಿಡಿದಿದ್ದರು: ಒಪ್ಪಂದ ರದ್ದಾದ ಮೇಲೂ ಹದಿನೈದು ವರ್ಷ ಕಂಪನಿಯ ಹಕ್ಕು ಉಳಿಯಬೇಕು. ವಾದಿಸಿ ವಾದಿಸಿ ಸುಸ್ತಾದ ಧಾರಿಣಿ ಹಾಳಾಗಿ ಹೋಗಲಿ ಎಂದು ಬರೆದುಕೊಟ್ಟಳು. ಅವರು ಓದಿ ತಲೆಯಾಡಿಸಿದರು. ಚಹಾ ಬರುವ ಮುಂಚೆಯೇ ಆ ತಲೆ ಎದೆಯ ಮೇಲೆ ಬಾಗಿತು. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ "ಕಂಪನಿ ಹೋಯ್ತು" ಎನ್ನುವ ಮಾತು ಯಾರ ನೆನಪಿಗೂ ಬರಲಿಲ್ಲ.

ಅಂದಿನಿಂದ ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಹೊರಗೆ ಹೊಗೆ ಕವಿದು ನಡುಹಗಲಲ್ಲೇ ದೀಪ ಹಾಕಬೇಕಾಗಿತ್ತು. ಧಾರಿಣಿ ಹೊಸ ಕಲಮನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಂಡಳು: ಕಂಪನಿ ಮೊದಲು ಇಲ್ಲಿನ ಕೋರ್ಟಿಗೆ ಹೋಗತಕ್ಕದ್ದು.

"ನಿಮ್ಮ ಕೋರ್ಟಿನಲ್ಲಿ ಎಷ್ಟು ವರ್ಷ ಕಾಯಲಿ?" ಎಂದಿತು ಕಿಟಕಿಯ ಕಡೆಯಿಂದ ದನಿ.

ಕುರ್ಚಿ ಖಾಲಿಯಿತ್ತು. ದನಿ ಮಾತ್ರ ಅವರದೇ. ಭಯಕ್ಕಿಂತ ಮೊದಲು ಅವಳಿಗೆ ಆದದ್ದು ಸಂತೋಷ.

"ಸರ್?"

"ಯಾವ ಸರ್? ನಾನು ಕಂಪನಿ. ಮುಂದಕ್ಕೆ ಓದಿ."

ಬಾಕಿ ಉಳಿದದ್ದೇನೆಂದು ಆಗ ಅವಳಿಗೆ ಹೊಳೆಯಿತು. ಹೇಳಬೇಕಾದವಳು ತಾನೇ, ಹೇಳದೆ ಬಿಟ್ಟವಳೂ ತಾನೇ. ಹೊರಗೆ ಓಡಿ ಚಾಯ್‌ವಾಲಾ ಭಯ್ಯಾನಿಂದ ಒಂದು ಲೋಟ ಚಹಾ ತಂದು ಕುರ್ಚಿಯ ಮುಂದಿಟ್ಟಳು.

"ಕಂಪನಿ ಹೋಯ್ತು, ಸರ್ ಬನ್ನಿ. ಮನೆಯಲ್ಲಿ ಉಷಾ ಆಂಟಿ ಕಾಯ್ತಿದ್ದಾರೆ."

ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅವಳಿಗೆ ಕೆಲಸ ಕಲಿಸಿದ ಆ ಹಳೆಯ ಮೆತ್ತಗಿನ ದನಿ ಬಂತು.

"ಬರೋ ಆಸೆಯೇ ಕಣಮ್ಮ. ಆದ್ರೆ ಮುಗಿದ ಮೇಲೂ ಹದಿನೈದು ವರ್ಷ ಕಂಪನಿ ಹಕ್ಕು ಉಳೀಬೇಕು ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲ, ಧಾರಿಣಿ."

ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಉಷಾ. ಧಾರಿಣಿಗೆ ಅದನ್ನು ಎತ್ತಿಕೊಳ್ಳುವ ಧೈರ್ಯ ಬರಲಿಲ್ಲ.