ಸೊಟ್ಟ ಗುಂಡಿಯ ಕೋಟು

ಆಂಬ್ರೋಸ್ ಕಿಟ್ಸನ್ನರ ಕೋಟಿನ ಗುಂಡಿಗಳು ಒಂದು ವರ್ಷದಿಂದ ತಮ್ಮ ತಮ್ಮ ಕಾಜಗಳಲ್ಲಿ ಇರುತ್ತಿರಲಿಲ್ಲ. ಅಲ್ಪವಿರಾಮವೊಂದು ಸ್ಥಾನಪಲ್ಲಟವಾದರೂ ನಿದ್ದೆಗೆಡುತ್ತಿದ್ದ ಆ ಮನುಷ್ಯ, ಒಂದು ಅಂಚು ಮೇಲೇರಿ ಇನ್ನೊಂದು ಅಂಚು ಜೋತುಬಿದ್ದ ಕಂದು ಉಣ್ಣೆಯ ಕೋಟು ತೊಟ್ಟು, ಹ್ಯಾಲಿಫ್ಯಾಕ್ಸ್ ಊರಿನ ಕಡಿದಾದ ಬೀದಿಯನ್ನು ಪ್ರತಿ ದೀಪದ ಕಂಬದ ಬಳಿಯೂ ನಿಂತು ಉಸಿರೆಳೆದುಕೊಳ್ಳುತ್ತ ಏರಿ, ನಮ್ಮ ನಿಘಂಟಿನ ಕಚೇರಿಗೆ ದಿನವೂ ತಡವಾಗಿಯೇ ಬರುತ್ತಿದ್ದರು. ಬೆಂಕಿಗೂಡಿನ ಪಕ್ಕದಲ್ಲೇ ಮೇಜಿದ್ದರೂ ಕೋಟು ಬಿಚ್ಚುತ್ತಿರಲಿಲ್ಲ. ಹೇಗಿದ್ದೀರಿ ಎಂದರೆ, "ಹಂಗೂ ಹಿಂಗೂ" ಎಂಬುದೊಂದೇ ಉತ್ತರ.

ನಮ್ಮದು ಸಮಾನಾರ್ಥಕ ಪದಗಳ ನಿಘಂಟು. ಅದರಲ್ಲಿ ಕಿಟ್ಸನ್ನರ ಪಾಲಿಗೆ ಬಂದದ್ದು ಮನುಷ್ಯನ ಕಷ್ಟಸಾಧ್ಯ ಪ್ರಯತ್ನವನ್ನು ಹೇಳುವ ಇಂಗ್ಲಿಷ್ ಶಬ್ದಗಳ ಅಧ್ಯಾಯ. ಊರಿನ ಯಾರಾದರೊಬ್ಬರ ಮೈಮೇಲೆ ಉದಾಹರಣೆಯಾಗಿ ತೊಡಿಸಿ ನೋಡದೆ ಅವರು ಯಾವ ಶಬ್ದವನ್ನೂ ಒಪ್ಪುತ್ತಿರಲಿಲ್ಲ. ದಿನವಿಡೀ ಕಲ್ಲಿದ್ದಲ ಗಾಡಿ ತಳ್ಳುವ ಏಮಸ್‌ಗೆ 'ಟಾಯ್ಲ್'. ಹೊಸ ಕೊಡೆಯೊಡನೆ ಗಾಳಿಯಲ್ಲಿ ಗುದ್ದಾಡುವ ನಮ್ಮ ಪ್ರಧಾನ ಸಂಪಾದಕ ಪ್ರೌಸ್ ಅವರಿಗೆ 'ಸ್ಟ್ರಗಲ್'. ಚರ್ಚಿನ ಪಾದ್ರಿಗಳಿಗೆ 'ಎಂಡೆವರ್'. "ಪಾದ್ರಿಗಳ ಪ್ರಯತ್ನಕ್ಕೆ ಸ್ವಲ್ಪ ಇಸ್ತ್ರಿ ಹಾಕಿರುತ್ತೆ, ನೋಡು" ಎಂದಿದ್ದರು ನನಗೆ. ಸೋತರೂ ಬಿಡದೆ ಹೆಣಗುವುದನ್ನು ಹೇಳುವ 'ಸ್ಟ್ರೈವ್' ಒಂದಕ್ಕೆ ಮಾತ್ರ ಯಾರ ಹೆಸರನ್ನೂ ಬರೆಯದೆ ಜಾಗ ಬಿಟ್ಟಿದ್ದರು. ಕೇಳಿದರೆ ಕಿಟಕಿಯಾಚೆ ನೋಡುತ್ತಿದ್ದರು.

ಅಧ್ಯಾಯ ಮುಗಿದ ಮೇಲೆ ಅದನ್ನು ಬರೆದವನೇ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಒಪ್ಪಿಗೆಯಾದರೆ ಕೊನೆಯಲ್ಲಿ ಅವನ ಹೆಸರು ಅಚ್ಚಾಗುತ್ತದೆ. ಓದಿನ ದಿನ ಒಂಬತ್ತು ಹೊಡೆಯುವಾಗ ಕುರ್ಚಿಯಲ್ಲಿಲ್ಲದವನ ಅಧ್ಯಾಯ ಪಕ್ಕದ ಮೇಜಿನವನಿಗೆ ಹೋಗುವುದು ನಮ್ಮಲ್ಲಿ ಹಳೆಯ ಕಟ್ಟಳೆ. ಹನ್ನೊಂದು ವರ್ಷ ಆ ಶಬ್ದಗಳ ಜೊತೆ ಏಗಿದ್ದ ಕಿಟ್ಸನ್ನರ ಪಕ್ಕದ ಮೇಜು ನನ್ನದು. ಅಂಥ ಭಾಗ್ಯ ನನಗೆ ಬೇಡವಾಗಿತ್ತು. ಅದಕ್ಕೇ ಅವರ ಓದಿನ ದಿನ ಬೆಳಗ್ಗೆಯೇ ಅವರನ್ನು ಎಳೆದು ತರಲು ಮನೆಗೆ ಹೋದೆ.

ಬಾಗಿಲು ತೆರೆದಿತ್ತು. ಹೊಸ್ತಿಲೊಳಗೆ ಕಿಟ್ಸನ್, ಕ್ಷೌರಕ್ಕೆ ಕೂತ ಹುಡುಗನಂತೆ ಗದ್ದವೆತ್ತಿ ಸೂರು ನೋಡುತ್ತ ನಿಂತಿದ್ದರು. ಎದುರಿಗೆ ಅವರ ಪತ್ನಿ ನೆಲ್. ಹಿಂದಿನ ವರ್ಷ ಲಕ್ವ ಹೊಡೆದು ಆಕೆಯ ಬಲಗೈ ಬಿದ್ದುಹೋಗಿತ್ತೆಂದು ಕೇಳಿದ್ದೆ; ಅದೇ ಕೈಯಿಂದ ಆಕೆ ಕೋಟಿನ ಗುಂಡಿ ಹಾಕುತ್ತಿದ್ದರು. ಗುಂಡಿ ಕಾಜದವರೆಗೆ ಬರುವುದು, ಜಾರುವುದು, ಬೆರಳುಗಳು ಮತ್ತೆ ಅದನ್ನು ಹುಡುಕುತ್ತ ಹೋಗುವುದು. ಆ ಚಳಿಯಲ್ಲೂ ಆಕೆಯ ತುಟಿಯ ಮೇಲೆ ಬೆವರಿತ್ತು.

"ಕಿಟ್ಸನ್ ಅವರೇ, ಒಂಬತ್ತಾಗ್ತಾ ಬಂತು. ಇವತ್ತೊಂದಿನ ನೀವೇ ಹಾಕ್ಕೊಳ್ಳಿ" ಎಂದೆ.

"ಇವರಾ? ಇವರಿಗೆಲ್ಲಿ ಬರುತ್ತಪ್ಪಾ" ಎಂದರು ನೆಲ್, ತಲೆಯೆತ್ತದೆ. "ಮದುವೆ ದಿನಾನೂ ಇವರಮ್ಮನೇ ಗುಂಡಿ ಹಾಕಿ ಕಳಿಸಿದ್ದು."

"ಹೌದು ಕಣಯ್ಯ, ನನಗೆ ಬರಲ್ಲ" ಎಂದರು, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಕರಡು ತಿದ್ದುವ ಆ ಮನುಷ್ಯ.

"ಯಾಕೆ, ಏನಾದ್ರೂ ಅವಸರದ ಕೆಲಸ ಇತ್ತಾ?" ಎಂದು ಗಂಡನನ್ನು ಕೇಳಿದರು ನೆಲ್.

"ಏನಿಲ್ಲ ನೆಲ್. ಇವನಿಗೆ ಯಾವಾಗ್ಲೂ ಅವಸರ."

ಕಡೆಯ ಗುಂಡಿ ತನ್ನದಲ್ಲದ ಕಾಜಕ್ಕೆ ಸೇರಿದಾಗ ಪುರಭವನದ ಗಡಿಯಾರ ಒಂಬತ್ತು ಹೊಡೆಯುತ್ತಿತ್ತು. ನೆಲ್ ಒಂದು ಹೆಜ್ಜೆ ಹಿಂದೆ ಸರಿದು, ಕೋಟನ್ನು ಅಂಗೈಯಿಂದ ಸವರಿ, "ಈಗ ಹೋಗಿ" ಎಂದರು.

ಏರಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಹನ್ನೊಂದು ವರ್ಷದ ಕೆಲಸ ನೀರುಪಾಲಾಯಿತಲ್ಲ ಎಂದೆ. ಕಿಟ್ಸನ್ ಕಂಬಕ್ಕೆ ಕೈಯೂರಿ ನಿಂತು, ಉಸಿರು ಕೂಡಿಬಂದ ಮೇಲೆ ಹೇಳಿದರು: "ಇವತ್ತು ನಾನು ಹಾಕ್ಕೊಂಡರೆ ನಾಳೆಯಿಂದ ಆ ಕೈ ಮಡಿಲಲ್ಲೇ ಕೂರುತ್ತೆ. ಸಂಜೆ ಹೋದ ಕೂಡಲೇ ನೋಡ್ತಾಳೆ, ತಾನು ಹಾಕಿದ್ದು ಹಾಗೇ ಇದೆಯಾ ಅಂತ."

ಪ್ರೌಸ್ ಬಾಗಿಲಲ್ಲೇ ನಿಂತಿದ್ದರು. "ಒಂಬತ್ತು ಹೊಡೆದು ಎಷ್ಟು ಹೊತ್ತಾಯ್ತು, ಗೊತ್ತೇನ್ರೀ?"

"ಗೊತ್ತು" ಎಂದರು ಕಿಟ್ಸನ್. ಕಾರಣ ಹೇಳಲಿಲ್ಲ, ನಾನು ಹೇಳಲು ಬಾಯಿ ತೆರೆದರೆ ಕಣ್ಣಲ್ಲೇ ಗದರಿದರು. ತಮ್ಮ ಹಾಳೆಗಳನ್ನು ಅಂಚು ಕೂಡಿಸಿ ಎತ್ತಿ ನನ್ನ ಮೇಜಿನ ಮೇಲಿಟ್ಟರು.

ಮಾರನೆಯ ವಾರ ಅಧ್ಯಾಯ ತಿದ್ದುತ್ತ ಆ ಖಾಲಿ ಜಾಗಕ್ಕೆ ಬಂದು ನಿಂತಾಗ ಕಿಟ್ಸನ್ನರನ್ನು ಮೆಲ್ಲಗೆ ಕೇಳಿದೆ: "ಸ್ಟ್ರೈವ್‌ಗೆ ನೆಲ್ ಅಮ್ಮನವರ ಹೆಸರು ಹಾಕಲೇ?"

ಅವರು ನನ್ನ ತೋಳು ಹಿಡಿದುಕೊಂಡರು. "ಬೇಡಪ್ಪಾ. ಅಚ್ಚಾದರೆ ಓದ್ತಾಳೆ. ಅವಳು ಅಷ್ಟು ಕಷ್ಟ ಪಡೋದನ್ನ ನಾನು ನೋಡ್ತಿದ್ದೆ ಅಂತ ಗೊತ್ತಾಗುತ್ತೆ. ನನಗೆ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ, ಅಷ್ಟೇ."

ನಾನೆಂದೂ ಕಾಣದ ಓಟಗಾರನೊಬ್ಬನನ್ನು ಉದಾಹರಣೆಯಾಗಿ ಅಲ್ಲಿ ಓಡಿಸಿದೆ. ನಿಘಂಟಿನಲ್ಲಿ ಇಂದಿಗೂ ಅವನೇ ಓಡುತ್ತಿದ್ದಾನೆ, ಕೆಳಗೆ ನನ್ನ ಹೆಸರಿದೆ.

ಲೋಕದಲ್ಲಿ ಇಂಥವರು ಬಹಳ ಮಂದಿ ಇರಬೇಕು. ತಮಗೆ ಚೆನ್ನಾಗಿ ಬರುವುದನ್ನು ಬಾರದೆಂದು ಹೇಳಿ, ಇನ್ನೊಬ್ಬರ ಸೋತ ಕೈಗೆ ಕೆಲಸ ಉಳಿಸಿಕೊಟ್ಟು, ದಡ್ಡರೆಂದೂ ಸೋಮಾರಿಗಳೆಂದೂ ಹೆಸರು ಹೊತ್ತು ದಣಿದು ನಡೆಯುವವರು. ಈಗ ನಾನು ಪ್ರೌಸ್ ಅವರ ಕುರ್ಚಿಯಲ್ಲಿದ್ದೇನೆ. ಯಾರಾದರೂ ತಡವಾಗಿ ಬಂದರೆ ಮೊದಲು ಗಡಿಯಾರ ನೋಡುವುದಿಲ್ಲ, ಅವರ ಕೋಟು ನೋಡುತ್ತೇನೆ.